ಕುಬುಸದ ದಿನ ಕಳಚಿದ ಹಲ್ಲು

ನನ್ನ ಮೇಲಿನ ಸಾಲಿನ ಮುಂದಿನ ಹಲ್ಲುಗಳಲ್ಲಿ ಒಂದು ನನ್ನದಲ್ಲ. ಏಳು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ, ಹಂಡೆಯ ಕಂಠಕ್ಕೆ ಬಾಯಿ ಬಡಿದು ಅದು ಮುರಿದು ಹೋಯಿತು. ಗದಗಿನ ಹಲ್ಲಿನ ಡಾಕ್ಟರು ಅಕ್ಕಪಕ್ಕದ ಎರಡು ಹಲ್ಲುಗಳನ್ನು ಸಣ್ಣಗೆ ಅರೆದು, ಒಂದಕ್ಕೊಂದು ಕೂಡಿಕೊಂಡ ಮೂರು ಹಲ್ಲಿನ ಒಂದು ತುಣುಕನ್ನು ಅವುಗಳ ಮೇಲೆ ಟೊಪ್ಪಿಗೆ ಹಾಕಿದಂತೆ ಕೂಡಿಸಿದರು. ಬ್ರಿಜ್ ಎಂದರು. ಕನ್ನಡಿಯಲ್ಲಿ ನೋಡಿಕೊಂಡರೆ ಯಾವುದು ಖರೆ, ಯಾವುದು ಸುಳ್ಳು ಎಂದು ನನಗೇ ಗುರುತು ಹತ್ತಲಿಲ್ಲ. ಈ ಸಂಗತಿ ಗೊತ್ತಿದ್ದದ್ದು ನನಗೆ, ನನ್ನ ಗಂಡನಿಗೆ ಮತ್ತು ಮಗಳಿಗೆ ಮಾತ್ರ.

ಹೀಗಿರುವಾಗ ಮಗಳನ್ನು ನೋಡಲು ಲಕ್ಷ್ಮೇಶ್ವರದಿಂದ ಬಂದ ಬೀಗತಿ ಉಪ್ಪಿಟ್ಟಿನ ತಾಟು ಕೈಯಲ್ಲಿ ಹಿಡಿದು ನನ್ನ ಮುಖವನ್ನೇ ನೋಡುತ್ತ, "ತಾಯಿ ಹಲ್ಲು ಎಷ್ಟ ಚಂದ ಅದಾವ ನೋಡ್ರಿ. ಮಗಳಿಗೂ ಅವ ಬಂದಾವ" ಎಂದುಬಿಟ್ಟರು. ಅವರ ಕಡೆಯ ಹೆಂಗಸರೆಲ್ಲ ಹೌದ್ಹೌದು ಎಂದರು. ಆಗಲೇ ಇದ್ದದ್ದು ಹೇಳಿ ನಕ್ಕುಬಿಟ್ಟಿದ್ದರೆ ಮುಗಿದು ಹೋಗುತ್ತಿತ್ತು. ಆದರೆ ನನಗೆ ಹೊಗಳಿಕೆ ಅಂದರೆ ಸಕ್ಕರೆ. ಬಾಯಿತುಂಬ ನಕ್ಕು ಇನ್ನಷ್ಟು ತೋರಿಸಿದೆ.

ಅದು ಒಂದು. ಇನ್ನೊಂದು ಒಡಪಿನ ಸಂಗತಿ. ನಮ್ಮ ಕಡೆ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ. ರೇಶನ್ ಅಂಗಡಿಯಲ್ಲಿ ಕೇಳಿದರೂ ಪಕ್ಕದವರ ಕಡೆಯಿಂದ ಹೇಳಿಸುತ್ತೇವೆ. ಆದರೆ ಮದುವೆ, ಕುಬುಸ, ತೊಟ್ಟಿಲಿನಂಥ ಕಾರ್ಯಗಳಲ್ಲಿ ಹೆಂಗಸರೆಲ್ಲ ಸೇರಿ ಹೇಳಿಸದೆ ಬಿಡುವುದೂ ಇಲ್ಲ. ಪ್ರಾಸ ಕೂಡಿಸಿ ಎರಡು ಸಾಲು ಕಟ್ಟಿ, ಅದರೊಳಗೆ ಗಂಡನ ಹೆಸರು ಸೇರಿಸಿ ಹೇಳಬೇಕು. ಅದೇ ಒಡಪು. ಬೆಟಗೇರಿಯ ನಮ್ಮ ಓಣಿಯಲ್ಲಿ ಒಡಪಿಗೆ ನನ್ನನ್ನು ಮೀರಿಸುವವರಿಲ್ಲ. ಇದು ಜಂಬವಲ್ಲ, ಯಾರನ್ನು ಬೇಕಾದರೂ ಕೇಳಿರಿ. ಅಂಥ ನಾನು ಮಗಳ ಮದುವೆಯ ದಿನ, ಬೀಗರ ನಡುವೆ ಎದ್ದು ನಿಂತು, ಗಂಟಲು ಕಟ್ಟಿ, ಒಂದಕ್ಷರ ಹೇಳಲಾರದೆ ಕೂತುಬಿಟ್ಟೆ. ಮಗಳು ಹೊರಟು ನಿಂತಿದ್ದಳು, ಏನು ಮಾಡಲಿ? ಆದರೆ ಲಕ್ಷ್ಮೇಶ್ವರದವರು ಅದನ್ನು ಮರೆಯಲಿಲ್ಲ. ಒಂದೂವರೆ ವರ್ಷ ಹಬ್ಬ ಹುಣ್ಣಿಮೆಗೆಲ್ಲ ಮಗಳನ್ನು ಕಾಡಿದರು. "ನಿಮ್ಮವ್ವಗ ಒಡಪು ಬರಂಗಿಲ್ಲೇನು?" ಎಂದು. ಅವರಿಗದು ಚೇಷ್ಟೆ. ನನಗೆ ಮಾತ್ರ ಎದೆಯಲ್ಲಿ ಮುಳ್ಳು.

ಹಾಗಾಗಿ ಈ ಸಲ ಬಸುರಿ ಮಗಳ ಕುಬುಸದ, ಅಂದರೆ ಸೀಮಂತದ ದಿನ ಗೊತ್ತಾದಾಗ ಅವಳು ಫೋನಿನಲ್ಲಿ ಹೇಳಿದ್ದು ಒಂದೇ ಮಾತು. "ಅವ್ವಾ, ಸೀರಿ ಎಂಥಾದರ ತಾ, ಉಂಡಿ ಎಷ್ಟರ ತಾ. ಒಡಪು ಒಂದ ಬಿಡಬ್ಯಾಡ." ನಾನು ರೊಟ್ಟಿ ಬಡಿಯುತ್ತ, ಬಟ್ಟೆ ಒಣಹಾಕುತ್ತ, ವಾರಗಟ್ಟಲೆ ಹೊಸ ಒಡಪು ಕಟ್ಟಿದೆ. ಎಷ್ಟು ಹುರುಪು ಬಂದಿತ್ತೆಂದರೆ ನಿದ್ದೆಯಲ್ಲೂ ಪ್ರಾಸ ಹುಡುಕುತ್ತಿದ್ದೆ.

ಕುಬುಸದ ಭಾನುವಾರ ಮುಂಜಾನೆ ಗಡಿಬಿಡಿಯಲ್ಲಿ ಒಂದು ಚೂರು ಕಟಕ್ ರೊಟ್ಟಿಗೆ ಶೇಂಗಾ ಚಟ್ನಿ ಹಚ್ಚಿ ಕಡಿದೆ. ಕಟ್ ಎಂದಿತು. ರೊಟ್ಟಿಯ ಸದ್ದೆಂದುಕೊಂಡು ಅಗಿದರೆ ನಾಲಿಗೆಗೆ ಮೂರು ಹಲ್ಲು ಒಟ್ಟಿಗೇ ಸಿಕ್ಕವು. ಅಂಗೈಯಲ್ಲಿ ಉಗುಳಿಕೊಂಡು ನೋಡುತ್ತೇನೆ: ಬ್ರಿಜ್ ಇಡಿಯಾಗಿ ಕಳಚಿ ಬಂದಿದೆ. ಖರೆ ಹೇಳಬೇಕೆಂದರೆ ಹದಿನೈದು ದಿನದಿಂದ ಅದು ಅಲುಗಾಡುತ್ತಲೇ ಇತ್ತು. ಕುಬುಸ ಮುಗಿಯಲಿ ಎಂದು ನಾನೇ ಸುಮ್ಮನಿದ್ದೆ. ಕನ್ನಡಿ ನೋಡಿದೆ. ನಡುವೆ ಖಾಲಿ, ಅದರ ಎರಡೂ ಬದಿಗೆ ಅರೆದಿಟ್ಟ ಎರಡು ಮೊಳೆಯಂಥ ಹಲ್ಲು. ನೋಡಿ ನನಗೇ ಅಂಜಿಕೆ ಬಂತು.

ಹೊರಗೆ ಓಣಿಯ ಹೆಂಗಸರು ಟೆಂಪೋ ಹತ್ತುತ್ತಿದ್ದರು. ನಾನು ಅಡಿಗೆಮನೆಯ ಬಾಗಿಲು ಹಾಕಿಕೊಂಡು ಬುದ್ಧಿ ಓಡಿಸಿದೆ. ಬುದ್ಧಿ ಓಡಿದ್ದು ಎಲ್ಲಿಗೆಂದರೆ, ಮಗಳ ಬಾಣಂತನಕ್ಕೆಂದು ಈಗಲೇ ತಂದಿಟ್ಟಿದ್ದ ಅಂಟಿನ ಡಬ್ಬಿಗೆ. ಬಾಣಂತಿಗೆ ಉಂಡೆ ಕಟ್ಟಲು ತುಪ್ಪದಲ್ಲಿ ಹುರಿಯುತ್ತೇವಲ್ಲ, ಅದೇ ಗಿಡದ ಅಂಟು. ತಿನ್ನುವಂಥದು, ವಿಷವಂತೂ ಅಲ್ಲ. ಎರಡು ಹರಳು ಬಿಸಿನೀರಿನಲ್ಲಿ ನೆನೆಸಿ ಕಲಸಿ, ಬ್ರಿಜ್ಜಿನೊಳಗೆ ತುಂಬಿ, ಹಲ್ಲಿನ ಮೇಲಿಟ್ಟು ಗಟ್ಟಿಯಾಗಿ ಒತ್ತಿ ಹಿಡಿದೆ. ನಿಂತಿತು! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ.

ಟೆಂಪೋದಲ್ಲಿ ಕೂತರೆ ದಾರಿಯುದ್ದ ಹಾಡಬೇಕು, ಹರಟಬೇಕು. "ನನಗ ವಾಂತಿ ಬರತೈತಿ, ನೀವು ಮುಂದ ನಡೀರಿ" ಎಂದು ಕೈಸನ್ನೆಯಲ್ಲಿ ಹೇಳಿ, ನನ್ನ ಗಂಡನ ಬೈಕ್ ಹತ್ತಿದೆ. ಅವರಿಗೆ ಬೆಟಗೇರಿಯಲ್ಲಿ ಸಣ್ಣ ಸೀರೆ ಅಂಗಡಿ. ಮಾತು ಕಡಿಮೆ. ಮದುವೆಯಾಗಿ ಮೂವತ್ತೆರಡು ವರ್ಷವಾದರೂ ನನ್ನನ್ನು "ಏ" ಎಂದೇ ಕರೆಯುತ್ತಾರೆ. ನಮ್ಮ ಮದುವೆಯಲ್ಲಿ ಹೆಂಗಸರು ನನ್ನ ಹೆಸರು ಕೂಡಿಸಿ ಒಡಪು ಹೇಳೆಂದು ಮುತ್ತಿದಾಗ ಹಿತ್ತಲ ಬಾಗಿಲಿನಿಂದ ಓಡಿಹೋದ ಗಂಡಸು ಅವರು.

"ಏ, ಇವತ್ತ ಯಾಕ ಇಷ್ಟ ಸುಮ್ನದಿ? ಅರಾಮ ಐತಿಲ್ಲ?" ಎಂದು ಗದಗು ದಾಟಿದ ಮೇಲೆ ಕೇಳಿದರು.

"ಹ್ಞೂಂ" ಎಂದೆ, ತುಟಿ ತೆರೆಯದೆ.

ಸೊರಟೂರಿನ ಹತ್ತಿರ ರಸ್ತೆಯ ಅರ್ಧಕ್ಕೆ ಮೆಣಸಿನಕಾಯಿ ಒಣಹಾಕಿದ್ದರು. ಕಣ್ಣಿಗೆ ಎಟುಕುವಷ್ಟು ದೂರ ಕೆಂಪು. ಎದುರಿನಿಂದ ಬಸ್ಸು ಬಂತೆಂದು ಇವರು ಬೈಕನ್ನು ಆ ಮೆಣಸಿನಕಾಯಿಯ ಅಂಚಿಗೇ ತಂದು ನಿಲ್ಲಿಸಿದರು. ಬಸ್ಸು ಎಬ್ಬಿಸಿದ ಗಾಳಿ ಘಾಟನ್ನೆಲ್ಲ ಎತ್ತಿ ನನ್ನ ಮೂಗಿಗೆ ಹೊಡೆಯಿತು. ಸೀನನ್ನು ತಡೆಯಲು ಎಷ್ಟು ಒದ್ದಾಡಿದೆನೋ ನನಗೇ ಗೊತ್ತು. ತಡೆದಷ್ಟೂ ಜೋರಾಗಿ ಬಂತು. ಆ ಸೀನಿನ ಜೊತೆಗೆ ನನ್ನ ಮೂರು ಹಲ್ಲು ಹಾರಿ ಮೆಣಸಿನಕಾಯಿಯೊಳಗೆ ಬಿದ್ದವು.

"ಅಯ್ಯಯ್ಯೋ!" ಎಂದು ಬೈಕಿನಿಂದ ಜಿಗಿದೆ.

ಇವರು ತಿರುಗಿ ನನ್ನ ಬಾಯಿ ನೋಡಿದರು. ಬೈಕು ಅವರ ಕೈಯಿಂದ ಜಾರುವುದರಲ್ಲಿತ್ತು. "ಏ! ಎಲ್ಲಿ ಹೋದುವು?"

ಕೈ ಮಾಡಿ ತೋರಿಸಿದೆ. ಇಬ್ಬರೂ ರೇಶ್ಮೆ ಬಟ್ಟೆ ಉಟ್ಟುಕೊಂಡು ರಸ್ತೆಯ ಬದಿಗೆ ಮೊಣಕಾಲೂರಿ ಮೆಣಸಿನಕಾಯಿ ಕೆದರಲು ಹತ್ತಿದೆವು. ಮೆಣಸಿನಕಾಯಿ ಕಾಯುತ್ತಿದ್ದ ಮುದುಕಿಯೊಬ್ಬಳು ಕೋಲು ಹಿಡಿದು ಓಡಿ ಬಂದಳು. "ಯಾರ ನೀವು? ಏನ ಮಾಡಾಕ ಹತ್ತೀರಿ?"

"ಒಂದ ಸಾಮಾನ ಬಿದ್ದೈತಬೇ" ಎಂದರು ಇವರು.

"ಬಂಗಾರದ್ದೇನು?" ಮುದುಕಿಯ ದನಿ ಕೂಡಲೇ ಮೆತ್ತಗಾಯಿತು. ಕೋಲು ಒಗೆದು ತಾನೂ ಕೂತಳು. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಇವರ ಕಡೆ ಕಣ್ಣು ಬಿಟ್ಟೆ: ಹೇಳಿದರೆ ನೋಡಿರಿ ಮತ್ತೆ. ಆದರೆ ಆ ಮುದುಕಿಯ ಕಣ್ಣು ಬಲು ಚುರುಕು. ಬಗ್ಗಿ ಎರಡು ಬೆರಳಿನಲ್ಲಿ ಎತ್ತಿ ಹಿಡಿದಳು. "ಇದ್ಯಾವ ಬಂಗಾರವೋ ಯಪ್ಪಾ! ಹಲ್ಲು!" ಎಂದು ನಗಲು ಶುರು ಮಾಡಿದಳು ನೋಡಿ, ಅವಳ ಬಾಯಲ್ಲಿ ಒಂದು ಹಲ್ಲೂ ಇರಲಿಲ್ಲ. ಕಣ್ಣೀರು ಬರುವ ತನಕ ನಕ್ಕಳು. "ನನಗ ಬೇಕಾಗಿದ್ವು. ತಗೋಳವ್ವಾ, ನಿನ್ನವು ನಿನಗ ಇರಲಿ" ಎಂದು ನನ್ನ ಅಂಗೈಯಲ್ಲಿ ಇಟ್ಟಳು. ಸಿಟ್ಟಿನ ಜಾಗದಲ್ಲಿ ನನಗೂ ನಗೆ ಬಂತು. ಅವಳ ಕಾಲು ಮುಟ್ಟಿ ನಮಸ್ಕಾರ ಮಾಡಿದೆ.

ಬೈಕ್ ಹತ್ತುವ ಮೊದಲು ಇವರಿಂದ ಆಣೆ ಮಾಡಿಸಿಕೊಂಡೆ. "ನೋಡ್ರಿ, ಬೀಗರ ಮನ್ಯಾಗ ಈ ಹಲ್ಲಿನ ಮಾತು ಬರಬಾರದು. ಬಂತಂದ್ರ ನಾ ಹಂಗ ಮುಂಡರಗಿ ಬಸ್ ಹತ್ತಿ ತವರಮನಿಗೆ ಹೋಗಾಕಿ." ಹಲ್ಲಿಲ್ಲದ ಬಾಯಿಯಿಂದ ಅದೆಷ್ಟು ಅರ್ಥವಾಯಿತೋ, ತಲೆಯಂತೂ ಅಲ್ಲಾಡಿಸಿದರು.

ಶಿರಹಟ್ಟಿಯಲ್ಲಿ ಭಾನುವಾರ ಮಾತ್ರ ಬಂದು ಕೂರುವ ಹಲ್ಲಿನ ಡಾಕ್ಟರೊಬ್ಬರಿದ್ದಾರೆ ಎಂಬುದು ಇವರಿಗೆ ಅಂಗಡಿಯ ಗಿರಾಕಿಯೊಬ್ಬರು ಯಾವಾಗಲೋ ಹೇಳಿದ್ದು ನೆನಪಾಯಿತು. ಹಾರಿಸಿಕೊಂಡು ಹೋದರು ನೋಡಿ ಬೈಕನ್ನು! ಹರೆಯದಲ್ಲೂ ಹಾಗೆ ಓಡಿಸಿದ್ದನ್ನು ನಾನು ಕಂಡಿಲ್ಲ. ನಾವು ಮುಟ್ಟಿದಾಗ ಡಾಕ್ಟರು, ಸಣ್ಣ ವಯಸ್ಸಿನ ಹೆಣ್ಣುಮಗಳು, ಷಟರ್ ಅರ್ಧಕ್ಕೆ ಎಳೆದಿದ್ದರು. ಅವರ ಊರು ಮುಂಡರಗಿಯಂತೆ, ಮನೆಗೆ ಹೊರಟಿದ್ದರು. ನಾನು ಷಟರಿನ ಕೆಳಗೇ ತಲೆ ತೂರಿಸಿ ಅಂಗೈ ಮುಂದೆ ಚಾಚಿದೆ.

"ಬರ್ರಿ ಅಮ್ಮಾರ, ಕುಂಡ್ರಿ" ಎಂದು ಡಾಕ್ಟರು ಷಟರ್ ಮತ್ತೆ ಮೇಲಕ್ಕೆತ್ತಿದರು.

ದೀಪದ ಕೆಳಗೆ ಬ್ರಿಜ್ಜನ್ನು ಹೊರಳಿಸಿ ನೋಡಿದರು. ಬಿರುಕಿಲ್ಲ ಎಂದರು. ಒಳಗೆ ಸೂಜಿಯಿಂದ ಕೆರೆದು, ಮೂಸಿ, "ಇದೇನ್ರಿ ಅಂಟಂಟ ಹತ್ತೈತಿ?" ಎಂದು ಕೇಳಿದರು.

"ಉಂಡಿಗೆ ಹಾಕೂ ಅಂಟ್ರಿ."

"ಉಂಡಿ ಅಂಟು?" ಮಾಸ್ಕಿನೊಳಗಿಂದಲೇ ನಕ್ಕರು. "ಅದು ಉಗುಳಿಗೆ ಕರಗತೈತ್ರೀ ಅಮ್ಮಾರ. ಮ್ಯಾಲೆ ಖಾರದ ವಾಸನಿ ಬ್ಯಾರೆ ಬರಾಕ ಹತ್ತೈತಿ."

ಖಾರದ ಕತೆಯನ್ನು ಇವರು ಹೇಳಿದರು. ಡಾಕ್ಟರು ಕೆಲಸ ನಿಲ್ಲಿಸಿ ನಕ್ಕರು. ಆಮೇಲೆ ನನ್ನ ಬಾಯಿಗೆ ಕನ್ನಡಿ ಹಿಡಿದು, ಅರೆದ ಹಲ್ಲುಗಳನ್ನು ಮೆಲ್ಲಗೆ ತಟ್ಟಿ, ಗಂಭೀರವಾದರು. ಎಡಗಡೆಯ ಹಲ್ಲಿನ ಬುಡದಲ್ಲಿ ಹುಳುಕು ಹತ್ತಿದೆಯಂತೆ. ಮೊದಲು ಅದಕ್ಕೆ ಉಪಚಾರ ಮಾಡಬೇಕಂತೆ. "ಇವತ್ತ ಪಕ್ಕಾ ಸಿಮೆಂಟ್ ಹಾಕಿ ಕೂಡಿಸಿದ್ರ ಒಳಗಿಂದೊಳಗ ಹಲ್ಲು ತಿಂದ ಹೋಗತೈತ್ರಿ. ಸದ್ಯಕ್ಕಷ್ಟ ನಿಲ್ಲೂವಂಥದ್ದು ಹಾಕತೇನಿ. ಮುಂದಿನ ವಾರ ಬರ್ರಿ, ಪಕ್ಕಾ ಮಾಡೂಣು."

"ಇವತ್ತ ಒಡಪು ಹೇಳೂ ತನಕ ನಿಲ್ಲತೈತಿಲ್ರಿ?"

"ಒಡಪಿಗೆ ಏನೂ ಆಗಂಗಿಲ್ಲ. ಉಂಡಿಗೆ ಮಾತ್ರ ಬಾಯಿ ತಗೀಬ್ಯಾಡ್ರಿ. ಅಂಟೂದು, ಗಟ್ಟೀದು ಬಾಯಾಗ ಹಾಕಿದ್ರಿ ಅಂದ್ರ ಅದರ ಜೋಡಿ ಇದೂ ಬರತೈತಿ."

ಹಳೆಯ ಸಿಮೆಂಟನ್ನೆಲ್ಲ ಕೆರೆದು, ಬ್ರಿಜ್ಜನ್ನು ತೊಳೆದು ಒಣಗಿಸಿ, ತುಟಿಯೊಳಗೆ ಹತ್ತಿಯ ಸುರುಳಿ ಇಟ್ಟು, ಹಲ್ಲಿಗೆ ಗಾಳಿ ಹಿಡಿದರು. ಬಿಳಿಯ ಲೇಪ ಕಲಸಿ, ತುಂಬಿ, ಎರಡೂ ಹಲ್ಲಿನ ಮೇಲೆ ಕೂಡಿಸಿ ಒತ್ತಿದರು. "ಹತ್ತೀ ಮ್ಯಾಲೆ ಕಚ್ಚಿ ಹಿಡೀರಿ." ಹಿಡಿದೆ. ಗೋಡೆಯ ಗಡಿಯಾರ ನೋಡುತ್ತ ಒಳಗೇ ನನ್ನ ಒಡಪನ್ನು ಹೇಳಿಕೊಂಡೆ. ಅಂಚಿಗೆ ಉಕ್ಕಿದ್ದ ಲೇಪವನ್ನು ಕೆರೆದು, ದಾರದಿಂದ ಸಂದಿ ಉಜ್ಜಿ, ನೀಲಿ ಕಾಗದ ಕಡಿಸಿ ನೋಡಿ, "ಆತ್ರಿ" ಎಂದರು. ನಾಲಿಗೆಯಿಂದ ಮುಟ್ಟಿ ನೋಡಿದೆ. ಮೂರೂ ತಮ್ಮ ಜಾಗದಲ್ಲಿದ್ದವು. ಎದ್ದು ಆ ಹುಡುಗಿಯನ್ನು ತಬ್ಬಿಕೊಂಡೇಬಿಟ್ಟೆ.

ಲಕ್ಷ್ಮೇಶ್ವರ ಮುಟ್ಟಿದಾಗ ಹಂದರದ ಕೆಳಗೆ ಮಗಳು ಹಸಿರು ಸೀರೆ, ಕೈತುಂಬ ಹಸಿರು ಬಳೆ, ತಲೆತುಂಬ ಹೂವಿನಲ್ಲಿ ಕೂತಿದ್ದಳು. ನನ್ನನ್ನು ಕಂಡದ್ದೇ ಕಣ್ಣಲ್ಲೇ ಕೇಳಿದಳು. ನಾನೂ ಕಣ್ಣಲ್ಲೇ ಹೇಳಿದೆ, ಕಾಯುತ್ತಿರು. ಆರತಿ ಆಯಿತು. ಉಡಿ ತುಂಬಿದೆವು. ಚಿಕ್ಕವರಿಂದ ಒಡಪು ಶುರುವಾಯಿತು. ಒಬ್ಬೊಬ್ಬರು ಹೇಳಿದಂತೆ ಚಪ್ಪಾಳೆ, ನಗೆ. ನಾನು ನನ್ನ ಒಡಪನ್ನು ತುಟಿಯೊಳಗೇ ಹೇಳಿಕೊಳ್ಳುತ್ತ ಖುಷಿಯಿಂದ ಸರದಿ ಕಾದೆ.

"ಇನ್ನ ನಮ್ಮ ಬೀಗತೇರು!" ಎಂದು ಬೀಗತಿ ಕೂಗಿದರು. ನಾನು ಏಳುವಷ್ಟರಲ್ಲಿ ಅವರೇ ತಾಟಿನಿಂದ ಒಂದು ಶೇಂಗಾ ಉಂಡೆ ಎತ್ತಿಕೊಂಡು ಎದುರಿಗೆ ಬಂದರು. "ಮದ್ವ್ಯಾಗ ನಿಮ್ಮ ಗಂಟಲಾ ಒಣಗಿತ್ತು. ಈ ಸಲ ಬಾಯಿ ಸಿಹಿ ಮಾಡ್ಕೊಂಡ ಹೇಳ್ರಿ. ತಗೀರಿ ಬಾಯಿ!"

ಬೆಲ್ಲದ ಪಾಕದಲ್ಲಿ ಕಟ್ಟಿದ, ಗಟ್ಟಿ ಕಲ್ಲಿನಂಥ ಉಂಡೆ. ನಾನು ತುಟಿ ಬಿಗಿದೆ. "ತಗೀರಿ" ಎಂದರು ಮತ್ತೆ. ತಲೆ ಅಲ್ಲಾಡಿಸಿದೆ. ಬೀಗತಿ ಕೈಯಾರೆ ಕೊಟ್ಟ ಸಿಹಿಯನ್ನು ಬೇಡ ಎನ್ನುವುದು ನಮ್ಮಲ್ಲಿ ಸಣ್ಣ ಮಾತಲ್ಲ. ಬೀಗತಿಯ ಮುಖ ಕೆಂಪಾಯಿತು. ಯಾರೋ ಹಿಂದಿನಿಂದ, "ಅವರಿಗೆ ನಮ್ಮ ಮನಿ ಉಂಡಿ ಸೇರಂಗಿಲ್ಲ ಕಾಣತೈತಿ" ಎಂದರು. ಮಗಳ ಮುಖ ಸಣ್ಣದಾಯಿತು. ಬಾಯಿ ತೆರೆದರೆ ಹಲ್ಲು ಹೋಗುತ್ತದೆ, ತೆರೆಯದಿದ್ದರೆ ಮಾನ ಹೋಗುತ್ತದೆ. ನನಗೆ ಅಳು ಬರುವುದೊಂದೇ ಬಾಕಿ.

ಆಗ ಗಂಡಸರು ಕೂತಿದ್ದ ಕಟ್ಟೆಯಿಂದ ಇವರು ಎದ್ದು ಬಂದರು. ಹೆಂಗಸರ ನಡುವೆ ನಡೆದು ಬಂದು, ಬೀಗತಿಯ ಮುಂದೆ ಕೈ ಚಾಚಿದರು. "ಬೀಗತೇರ, ಆ ಉಂಡಿ ನನಗ ಕೊಡ್ರಿ." ಇಸಿದುಕೊಂಡು ಇಡಿಯಾಗಿ ಬಾಯಿಗೆ ಹಾಕಿಕೊಂಡರು.

ಹೆಂಗಸರೆಲ್ಲ ಹೋ ಎಂದರು. ಬೀಗತಿಗೂ ನಗೆ ತಡೆಯಲಿಲ್ಲ. "ಉಂಡಿ ತಿಂದಾರ, ಒಡಪು ಹೇಳದ ಹೋಗಾಕ ಬಿಡಬ್ಯಾಡ್ರಿ!" ನಾಲ್ಕು ಜನ ಎದ್ದು ದಾರಿ ಕಟ್ಟಿದರು. ಇವರು ಉಂಡೆ ಅಗಿಯುತ್ತ ಸುತ್ತ ನೋಡಿದರು. ಅಲ್ಲಿ ಹಿತ್ತಲ ಬಾಗಿಲಿರಲಿಲ್ಲ. ಕಿವಿಯ ತುದಿ ಕೆಂಪಾಯಿತು. ಉಂಡೆ ನುಂಗಿ, ನೆಲ ನೋಡುತ್ತ, ಒಂದೊಂದೇ ಮಾತು ಕೂಡಿಸಿ ಹೇಳಿದರು:

"ಸೊರಟೂರ ಮೆಣಸಿನಕಾಯ್ಯಾಗ ಹುಡುಕೇನಿ ಮೂರು ಹಲ್ಲ,
——— ನಗದಿದ್ರ ನನಗ ಉಂಡಿದ್ದು ಮೈಗೆ ಹತ್ತಂಗಿಲ್ಲ."

ನಾನು ಖಾಲಿ ಬಿಟ್ಟ ಜಾಗದಲ್ಲಿ ಅವರು ನನ್ನ ಹೆಸರು ಹೇಳಿದರು.

ಒಂದು ಗಳಿಗೆ ಯಾರಿಗೂ ತಿಳಿಯಲಿಲ್ಲ. ಆಮೇಲೆ ಎಲ್ಲರೂ ನನ್ನ ಬಾಯಿ ನೋಡಿದರು. "ಯಾವ ಹಲ್ಲು? ಯಾರ ಹಲ್ಲು?" ನಮ್ಮ ಓಣಿಯವರೂ, ಬೀಗರ ಕಡೆಯವರೂ ಒಟ್ಟಿಗೇ ಕೇಳಿದರು. ಆಣೆ ಮುರಿದ ಆ ಮನುಷ್ಯನನ್ನು ಅಲ್ಲೇ ಹರಿದು ಹಾಕಬೇಕೆಂಬಷ್ಟು ಸಿಟ್ಟು ನನಗೆ. ಆದರೆ ಆ ಸಿಟ್ಟಿನ ಅಡಿಯಲ್ಲಿ ಇನ್ನೇನೋ ನಡುಗುತ್ತಿತ್ತು. ನನ್ನ ಹೆಸರನ್ನು ಆ ದನಿಯಲ್ಲಿ ನಾನು ಅವತ್ತೇ ಮೊದಲ ಸಲ ಕೇಳಿದ್ದು. ಅಷ್ಟು ಚಂದದ ಹೆಸರು ನನ್ನದೇ ಎಂದು ಒಂದು ಗಳಿಗೆ ನಂಬಿಕೆಯಾಗಲಿಲ್ಲ.

ವಾರಗಟ್ಟಲೆ ಕಟ್ಟಿದ ಒಡಪು ತಲೆಯಿಂದ ಹಾರಿ ಹೋಗಿತ್ತು. ಗಂಟಲು ಮತ್ತೆ ಕಟ್ಟತೊಡಗಿತು, ಮದುವೆಯ ದಿನದಂತೆಯೇ.

"ಅವ್ವಾ" ಎಂದಳು ಮಗಳು.

ಎದ್ದು ನಿಂತೆ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದೆ. ಇವರನ್ನು ದಿಟ್ಟಿಸಿ ನೋಡಿ, ಬಾಯಿಗೆ ಬಂದದ್ದನ್ನು ಹಾಗೇ ಹೇಳಿದೆ:

"ಮೂವತ್ತೆರಡ ವರ್ಷ ಬಾಯಾಗ ಮುಚ್ಚಿಟ್ರು ನನ್ನ ಹೆಸರು,
ಇವತ್ತ ಹಲ್ಲಿನ ಕೂಡ ಹೊರಗ ತಂದಾರ ——— ಅವರು!"

ಹಂದರ ಹಾರಿ ಹೋಗುವಂಥ ಚಪ್ಪಾಳೆ. ಮಗಳು ಬಳೆ ತುಂಬಿದ ಎರಡೂ ಕೈ ಬಡಿದು ನಗುತ್ತಿದ್ದಳು. ಮುಂಜಾನೆಯಿಂದ ನಡೆದದ್ದನ್ನೆಲ್ಲ ನಾನೇ ಹೇಳಿದೆ. ಬೀಗತಿ ಬಂದು ನನ್ನ ಗದ್ದ ಹಿಡಿದು ಬಾಯೊಳಗೆ ಬಗ್ಗಿ ನೋಡಿ, "ಯಾವು ಕಟ್ಟಿಸಿದ್ದು, ಯಾವು ನಿಮ್ಮವು ಅಂತ ಈಗೂ ತಿಳೀವಲ್ದು. ಆ ಡಾಕ್ಟರ್ ಯಾರ ಹೇಳ್ರಿ ಬೀಗತೇರ, ನನಗೂ ಎರಡ ಕಟ್ಟಿಸೋದೈತಿ" ಎಂದರು. ಮುಂದಿನ ಭಾನುವಾರ ಶಿರಹಟ್ಟಿಗೆ ಇಬ್ಬರೂ ಕೂಡಿಯೇ ಹೋಗುವುದೆಂದು ಅಲ್ಲೇ ಗೊತ್ತಾಯಿತು. ಊಟದಲ್ಲಿ ನನಗೆ ಹೋಳಿಗೆಯನ್ನು ಹಾಲಿನಲ್ಲಿ ನೆನೆಸಿ ಬಡಿಸಿದರು.

ಹೊತ್ತು ಇಳಿಯುವ ಮೊದಲೇ ಬೈಕ್ ಹತ್ತಿ ಹೊರಟೆವು. ಊರು ದಾಟಿದ ಮೇಲೆ ರಸ್ತೆ ಕೆಟ್ಟಿತ್ತು.

"ಏ, ಗಟ್ಟಿ ಹಿಡ್ಕೊ" ಎಂದರು.

ನಾನು ಹಿಡಿದುಕೊಳ್ಳಲಿಲ್ಲ. "ಯಾರಿಗೆ ಹೇಳಾಕ ಹತ್ತೀರಿ? ಹೆಸರ ಹಿಡದ ಹೇಳ್ರಿ" ಎಂದೆ.

ಒಂದು ಹೊಲ ಹೋಯಿತು, ಇನ್ನೊಂದು ಹೊಲ ಹೋಯಿತು. ಎದುರಿನಿಂದ ಬಂದ ಟ್ರ್ಯಾಕ್ಟರಿಗೆ ದಾರಿ ಬಿಟ್ಟು, ಅದು ಪೂರ್ತಿ ದೂರ ಹೋದ ಮೇಲೆ, ಹಿಂದೆ ತಿರುಗದೆ ಮೆಲ್ಲಗೆ ಕರೆದರು. ಕೇಳಿಸಿತ್ತು. ಆದರೂ ಇನ್ನೊಮ್ಮೆ ಹೇಳಿಸಿಕೊಂಡೆ.